ಹಿತ್ತಿಲ ಹಾದಿ

ಮೂರನೇ ಟೇಬಲ್ಲಿನ ಎಡಗಾಲು.
ಬಾಗಲಕೋಟೆಯ ಬಿಸಿಲು ಕಿಟಕಿಯ ಗಾಜಿಗೆ ಒರಗಿ ನಿಂತಿತ್ತು,
ಒಳಗೆ ಫಾರ್ಮಾಲಿನ್ ಕಣ್ಣು ಉರಿಸುತ್ತಿತ್ತು.
ಹುಡುಗರು ಒಂಬತ್ತರಿಂದ ತೊಡೆಸಂದಿಯಲ್ಲಿ ಹುಡುಕಿದ್ದೇ ಹುಡುಕಿದ್ದು.
ಕಿರುಬೆರಳ ಗಾತ್ರದ ರಕ್ತನಾಳ ಇರಬೇಕಾದಲ್ಲಿ
ಒಂದು ಶ್ಯಾವಿಗೆ ಎಳೆ.
"ಮೇಡಂ, ನಾನೇ ಕಡಿದುಬಿಟ್ಟೆನೇನೋ" ಅಂದಳು
ಜಮಖಂಡಿಯ ಹುಡುಗಿ. ಕೈಯ ಚಿಮಟ ನಡುಗುತ್ತಿತ್ತು.

ಕಡಿದಿರಲಿಲ್ಲ.
ಎಳೆ ಅರ್ಧ ತೊಡೆಯವರೆಗೆ ಇಳಿದು
ಮಾಂಸದೊಳಗೆ ಕವಲೊಡೆದು, ದಣಿದು, ಅಲ್ಲೇ ಮುಗಿದಿತ್ತು
ಮೊಣಕಾಲು ಮುಟ್ಟದೆ.

ಹಾಗಾದರೆ ಈ ಪಾದಕ್ಕೆ
ಎಪ್ಪತ್ತೊಂದು ವರ್ಷ ನೆತ್ತರು ಹೊತ್ತು ತಂದವರು ಯಾರು?

ಬೋರಲು ಮಲಗಿಸಿದೆವು. ಭುಜ ಹಿಡಿದವನು ರಾಜೇಸಾಬ,
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ,
ಈಗಲೂ ಹೊರಳಿಸುವಾಗ ಹೆಣಕ್ಕೆ ಹೇಳುತ್ತಾನೆ,
"ಸಾವಕಾಶ ಯಣ್ಣಾ, ಸಾವಕಾಶ."
ಕುಂಡೆಯ ದಪ್ಪ ಸ್ನಾಯುವನ್ನು ರಟ್ಟಿನ ಹಾಗೆ ಮಗುಚಿದಾಗ
ಕಂಡಿತು:
ದೊಡ್ಡ ನರದ ಮಗ್ಗುಲಲ್ಲೇ, ಅದರ ಹೆಗಲಿಗೆ ಕೈ ಹಾಕಿಕೊಂಡು,
ತೊಡೆಯ ಹಿಂಬದಿಯಲ್ಲಿ ಇಳಿದು ಹೋದ
ಹಳೆಯ ದಾರಿ.

ನಾವೆಲ್ಲ ಈ ದಾರಿಯಿಂದಲೇ ಬಂದವರು.
ತಾಯ ಹೊಟ್ಟೆಯಲ್ಲಿ ಕಾಲು ಇನ್ನೂ ಮೊಗ್ಗಾಗಿದ್ದಾಗ
ನೆತ್ತರು ಹಿತ್ತಿಲಿಂದಲೇ ಒಳಗೆ ಬರುತ್ತದೆ;
ಮೂರು ತಿಂಗಳು ತುಂಬುವುದರೊಳಗೆ ಮುಂಬಾಗಿಲು ತೆರೆದು
ಹಿತ್ತಿಲ ಕದಕ್ಕೆ ಅಗುಳಿ ಬೀಳುತ್ತದೆ.
ಹತ್ತು ಸಾವಿರಕ್ಕೆ ಮೂರೋ ನಾಲ್ಕೋ ಮನೆಯಲ್ಲಿ
ಯಾರೋ ಅಗುಳಿ ಹಾಕಲು ಮರೆಯುತ್ತಾರೆ.

ಹೀಗೆ ಪಾಠ ಮಾಡಿದೆ. ಹುಡುಗರು ಚಿತ್ರ ಬರೆದುಕೊಂಡರು.
ಕೆಂಪು ಬಣ್ಣ ಹಚ್ಚಿ ಗುಂಡುಸೂಜಿಗೆ ಚೀಟಿ ಸಿಕ್ಕಿಸಿದೆವು.
ಕುಂಡೆಯ ಕೆಳಗೆ ಒಂದು ಕಡೆ ಮಾತ್ರ ಆ ನಾಳ
ನಿಂಬೆಹಣ್ಣಿನಷ್ಟು ಉಬ್ಬಿತ್ತು.
"ಕೂತು ಕೂತು ಒತ್ತಿದ್ದಕ್ಕೆ" ಎಂದೆ.
ಎಲ್ಲಿ ಕೂತಿದ್ದ, ಏನು ಮಾಡುತ್ತ ಕೂತಿದ್ದ,
ಅದು ಪಾಠದಲ್ಲಿ ಇರಲಿಲ್ಲ.

ವರ್ಷಕ್ಕೊಮ್ಮೆ, ದೇಹ ಕೊಟ್ಟವರ ಮನೆಯವರನ್ನು ಕರೆದು
ಹೂ ಇಡುತ್ತೇವೆ, ಚಹಾ ಕೊಡುತ್ತೇವೆ.
ಗುಳೇದಗುಡ್ಡದಿಂದ ಸಾವಂತ್ರೆವ್ವ ಬಂದಿದ್ದಳು
ಅಪ್ಪ ನೇಯ್ದ ಖಣದ ಕುಬಸ ತೊಟ್ಟು.
ಯಾವ ದೇಹ ಯಾರದೆಂದು ನಾವು ಹೇಳುವುದಿಲ್ಲ.
ಅವಳೇ ಹೇಳಿದಳು, ಬಸ್ಸಿಯಲ್ಲಿ ಚಹಾ ಆರಿಸುತ್ತ:

"ನಮ್ಮಪ್ಪ ಮುರಿಗೆಪ್ಪ. ಕುಣಿಮಗ್ಗದಾಗ ಕಾಲು ಇಳಿಬಿಟ್ಟು
ಐವತ್ತೈದು ವರ್ಸ ಕುಂತಾಂವ.
ನನಗ ಎರಡು ಎದಿ ಅದಾವು ಸಾವಂತ್ರಿ,
ಒಂದರ ಮ್ಯಾಲೆ ನಾನ ಕುಂತೀನಿ, ಅಂತಿದ್ದ.
ಲಾಳಿ ನಿಂತ ಕೂಡ್ಲೆ ಕುಂತಲ್ಲೇ ಬಡಿಯೂದು ಕೇಳತೈತಿ ಅಂತ.
ನಾವು ನಗತಿದ್ವಿ. ನಮ್ಮವ್ವ ಅಂತೂ
ಮುದುಕಗ ಮಳ್ಳ ಹಿಡದೈತಿ ಅಂತ ಓಣಿಗೆಲ್ಲಾ ಸಾರಿದ್ಲು.
ಒಬ್ಬ ಡಾಕ್ಟರ್ ವಾಯು ಅಂದ, ಒಬ್ಬಾಂವ ಮೂಲವ್ಯಾಧಿ.
ನೀವ್ಯಾರೂ ನಂಬಬ್ಯಾಡ್ರಿ, ಸತ್ತಮ್ಯಾಲೆ ಅವರ ತಗದು ನೋಡ್ಲಿ,
ಅಂದಾಂವನ ಕಾಗದಕ್ಕ ಸಹಿ ಹಾಕಿದ.
ಖರೇನ ಇತ್ತೇನ್ರಿ?"

ನಿಯಮ ಇದೆ. ಹೇಳಬಾರದು.
ರಾಜೇಸಾಬ ಬಾಗಿಲಲ್ಲಿ ನಿಂತು
ನನ್ನ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.
ಅವಳ ಕುಬಸದ ಅಂಚು ಕೆಂಪಗಿತ್ತು,
ನಾವು ಹಚ್ಚಿದ ಬಣ್ಣಕ್ಕಿಂತ ಒಂದು ಪಾಲು ಗಾಢ.

"ಇತ್ತು" ಎಂದೆ.

ಅವಳು ಅಳಲಿಲ್ಲ.
ಬಸ್ಸಿ ಕೆಳಗಿಟ್ಟು, ಪಕ್ಕದ ಖಾಲಿ ಕುರ್ಚಿಗೆ
"ನೋಡಬೇ ಯವ್ವಾ" ಅಂದಳು. ಜೋರಾಗಿ ನಕ್ಕಳು.
ಹೂವಿನ ಬುಟ್ಟಿ ಹಿಡಿದಿದ್ದ ಹುಡುಗರು ತಿರುಗಿ ನೋಡಿದರು.

ಸಂಜೆ ಎಲ್ಲರೂ ಹೋದ ಮೇಲೆ
ಕಬ್ಬಿಣದ ಸ್ಟೂಲಿನ ಮೇಲೆ, ಫ್ಯಾನು ಆರಿಸಿ,
ಉಸಿರು ಬಿಗಿಹಿಡಿದು ಕೂತೆ ಒಂದು ನಿಮಿಷ.
ಕೂತಲ್ಲಿ ಏನೂ ಇಲ್ಲ.
ನನ್ನದು ಎಂದೋ ಅಗುಳಿ ಹಾಕಿಕೊಂಡಿದೆ,
ಎಲ್ಲರದರಂತೆ.